ಪೋಸ್ಟರಿನಲ್ಲಿ ಆಕೆಯ ಹೆಸರೆಲ್ಲಿ?

ಗೆಳೆಯರೇ, ನಿಮಗೊಂದು ಸಣ್ಣ ಪರೀಕ್ಷೆ. ಕನ್ನಡದ ಐದು ಜನ ಸಾಹಿತಿಗಳ ಹೆಸರು ಹೇಳಿ ಎಂದರೆ ಥಟ್ಟನೆ ಹೇಳುತ್ತೀರಿ. ಐದು ಜನ ಸಿನಿಮಾ ನಟರ ಹೆಸರು ಕೇಳಿದರೆ ಐವತ್ತು ಹೇಳುತ್ತೀರಿ. ಈಗ ಕನ್ನಡ ನಾಟಕ ಕಂಪನಿಗಳ ಐದು ಜನ ನಟಿಯರ ಹೆಸರು ಹೇಳಿ. ಐದು ಬೇಡ, ಮೂರು ಸಾಕು.

ಏನ್ರಪ್ಪಾ, ಯಾಕೆ ಸುಮ್ಮನಾದಿರಿ?

ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮನ್ನು ಬಯ್ಯಲು ಕೂತಿಲ್ಲ. ನಾನು ಪಿಯುಸಿವರೆಗೆ ಓದಿ, ಮೈಸೂರಿನಲ್ಲಿ ಸಣ್ಣ ಪ್ರೆಸ್ ನಡೆಸುವವನು. ತಾತ ಕಂಪೋಸಿಟರ್, ಅಪ್ಪ ಸ್ವಂತ ಟ್ರೆಡಲ್ ಮೆಷಿನ್ ಇಟ್ಟವರು, ನಾನು ಆಫ್‌ಸೆಟ್ಟು, ಫ್ಲೆಕ್ಸು ಎಂದು ಕಾಲಕ್ಕೆ ತಕ್ಕಂತೆ ಬದಲಾದವನು. ಮೂರು ತಲೆಮಾರು ಕನ್ನಡದ ಅಕ್ಷರವನ್ನೇ ನಂಬಿ ಅನ್ನ ತಿಂದವರು ನಾವು. ಮೂರು ತಿಂಗಳ ಹಿಂದೆ ಅದೇ ಅಕ್ಷರದ ವಿಷಯದಲ್ಲಿ ನಾನೊಂದು ತಪ್ಪು ಮಾಡಿದೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

ನಮ್ಮ ಮೈಸೂರು, ಮಂಡ್ಯ ಕಡೆಯ ಹಳ್ಳಿಗಳಲ್ಲಿ ಊರಹಬ್ಬಕ್ಕೆ ಇವತ್ತಿಗೂ 'ಕುರುಕ್ಷೇತ್ರ' ನಾಟಕ ಕಟ್ಟುತ್ತಾರೆ. ಗಂಡಸರ ಪಾತ್ರಗಳನ್ನೆಲ್ಲ ಊರಿನವರೇ ದುಡ್ಡು ಕೊಟ್ಟು ಹಿಡಿಯುತ್ತಾರೆ. ದುರ್ಯೋಧನನ ಪಾತ್ರಕ್ಕೆ ರೇಟು ಜಾಸ್ತಿ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕೂತು ಕಲಿಸುತ್ತಾರೆ. ಸೀನರಿ ಬಾಡಿಗೆಗೆ ಬರುತ್ತದೆ. ದ್ರೌಪದಿ, ಕುಂತಿ, ರುಕ್ಮಿಣಿ, ಉತ್ತರೆ? ಅವರನ್ನು ಪಟ್ಟಣದಿಂದ ಕರೆಸುತ್ತಾರೆ. ಅವರೇ ವೃತ್ತಿ ನಟಿಯರು. ಆ ಪೋಸ್ಟರುಗಳು ನನ್ನ ಪ್ರೆಸ್ಸಿಗೆ ಬರುತ್ತವೆ. ಮೇಲೆ ದೇವರ ಫೋಟೋ, ಆಮೇಲೆ ಮುಖಂಡರ ಫೋಟೋ, ಆಮೇಲೆ ಪಾತ್ರಧಾರಿಗಳ ಫೋಟೋ ಸಾಲು ಸಾಲು. ಕಟ್ಟಕಡೆಗೆ ಒಂದು ಗೆರೆ, 'ಸ್ತ್ರೀ ಪಾತ್ರಧಾರಿಗಳು' ಎಂದು. ಅಲ್ಲಿ ಎರಡೋ ಮೂರೋ ಹೆಸರು, ಫೋಟೋ ಇಲ್ಲದೆ.

ಆ ಸಲ ಆರ್ಡರ್ ತಂದವರು ಕೊನೇ ಗಳಿಗೆಯಲ್ಲಿ ಇನ್ನೊಬ್ಬ ಪ್ರಾಯೋಜಕರ ಫೋಟೋ ಕೊಟ್ಟರು. ಜಾಗ ಇರಲಿಲ್ಲ. "ಆ ಕೊನೇ ಲೈನು ತೆಗೆದುಹಾಕಿ ಅಣ್ಣ, ಅದನ್ಯಾರು ಓದ್ತಾರೆ" ಅಂದರು. ತೆಗೆದುಹಾಕಿದೆ. ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತುವ ಕೆಲಸ ಅಷ್ಟೆ.

ನಾಟಕ ಮುಗಿದ ಮಾರನೇ ದಿನ ಅರವತ್ತು ದಾಟಿದ ಒಬ್ಬ ಹೆಂಗಸು ಪ್ರೆಸ್ಸಿನ ಬಾಗಿಲಿಗೆ ಬಂದರು. ಕೈಯಲ್ಲಿ ಅದೇ ಪೋಸ್ಟರ್, ನಾಲ್ಕು ಮಡಿಕೆ ಮಾಡಿದ್ದು. ಇಡೀ ರಾತ್ರಿ ಹಾಡಿ ಗಂಟಲು ಕಟ್ಟಿತ್ತು. "ಏನಪ್ಪಾ, ಇದರಲ್ಲಿ ನನ್ನ ಹೆಸರೆಲ್ಲಿ?" ಅಂದರು. ಜಾಗ ಸಾಲಲಿಲ್ಲಮ್ಮ ಅಂದೆ. ಜಗಳ ಮಾಡಲಿಲ್ಲ ಆ ತಾಯಿ. "ಹೆಸರಿದ್ದಿದ್ರೆ ಪಕ್ಕದೂರಿನವರು ಕೇಳಿಕೊಂಡು ಕರೀತಿದ್ರು ಕಣಪ್ಪ. ನಮಗೆ ಅದೇ ಅಲ್ವೇ ಬೋರ್ಡು" ಅಂತ ಹೇಳಿ, ನೀರು ಕೇಳಿ ಕುಡಿದು ಹೊರಟುಹೋದರು.

ಗೆಳೆಯರೇ, ಅವತ್ತಿನಿಂದ ಆ ಮಾತು ನನ್ನನ್ನು ಬಿಟ್ಟಿಲ್ಲ. ನಾನು ಅಳಿಸಿದ್ದು ಒಂದು ಗೆರೆ ಅಲ್ಲ, ಒಬ್ಬರ ಮುಂದಿನ ತಿಂಗಳ ಅಕ್ಕಿ. ಇನ್ನೊಂದು ಮಾತು. ನಾನು ಒಬ್ಬನೇ ಅಳಿಸಿದ್ದಲ್ಲ. ನೂರು ವರ್ಷದಿಂದ ನಾವೆಲ್ಲ ಸೇರಿ ಅಳಿಸುತ್ತಲೇ ಬಂದಿದ್ದೇವೆ.

ಕನ್ನಡ ನಾಟಕ ಹುಟ್ಟಿದ್ದೇ ಸ್ವಾಭಿಮಾನದಿಂದ

ನೀವು ಕನ್ನಡದ ಹೋರಾಟಕ್ಕೆ ಬಂದವರು. ಹಾಗಾಗಿ ಇದನ್ನು ತಿಳಿದಿರಬೇಕು. 19ನೇ ಶತಮಾನದ ಕೊನೆಯಲ್ಲಿ ನಮ್ಮ ನಾಡಿನಲ್ಲಿ ದೊಡ್ಡ ನಾಟಕ ಎಂದರೆ ಪರಭಾಷೆಯ ನಾಟಕ. ಉತ್ತರದಲ್ಲಿ ಮರಾಠಿ ಕಂಪನಿಗಳ ದರ್ಬಾರು. ಕನ್ನಡಿಗರು ದುಡ್ಡು ಕೊಟ್ಟು ಮರಾಠಿ ಹಾಡು ಕೇಳಿ ತಲೆದೂಗುವ ಕಾಲ. ಅದನ್ನು ಸಹಿಸದೆ ಗದಗದ ಕಡೆ ಶಾಂತಕವಿಗಳು ಕನ್ನಡ ನಾಟಕ ಬರೆದು, ಕನ್ನಡ ಮಂಡಳಿ ಕಟ್ಟಿದರು. ಮೈಸೂರಿಗೂ ಪಾರ್ಸಿ ಕಂಪನಿ, ಸಾಂಗಲಿ ಕಂಪನಿ ಬಂದು ಆಡಿ ಹೋದವು. ಅದನ್ನು ಕಂಡ ಚಾಮರಾಜೇಂದ್ರ ಒಡೆಯರ್ ಕಾಲದಲ್ಲಿ ಅರಮನೆಯದೇ ಕನ್ನಡ ನಾಟಕ ಸಭೆ ಹುಟ್ಟಿತು. ಬಸವಪ್ಪ ಶಾಸ್ತ್ರಿಗಳು ಕಾಳಿದಾಸನ ಶಾಕುಂತಲವನ್ನು ಕನ್ನಡಕ್ಕೆ ತಂದರು. 'ಅಭಿನವ ಕಾಳಿದಾಸ' ಎಂದು ಹೆಸರಾದವರು ಅವರೇ. ಇವತ್ತು ನಾವು ಪರಭಾಷಾ ಸಿನಿಮಾ ಹಾವಳಿ ಎಂದು ಕೂಗುತ್ತೇವಲ್ಲ, ನಮ್ಮ ಮುತ್ತಜ್ಜಂದಿರು ಅಂಥದೇ ಹಾವಳಿಗೆ ಕೊಟ್ಟ ಉತ್ತರ ಈ ರಂಗಭೂಮಿ. ಕೂಗಿದ್ದಷ್ಟೇ ಅಲ್ಲ, ಕಟ್ಟಿ ತೋರಿಸಿದರು.

ಆದರೆ ಆ ಶಕುಂತಲೆಯಾಗಿ ನಿಂತವನು ಗಂಡಸು. ದಮಯಂತಿಯೂ ಗಂಡಸೇ, ಚಂದ್ರಮತಿಯೂ ಗಂಡಸೇ. ಮನೆತನದ ಹೆಣ್ಣು ರಂಗಕ್ಕೆ ಬರಬಾರದು ಎಂಬುದು ಸಮಾಜದ ಕಟ್ಟಳೆ. ಮೀಸೆ ಬೋಳಿಸಿ ಸೀರೆ ಉಟ್ಟ ಹುಡುಗನಿಗೆ ಚಪ್ಪಾಳೆ; ಹೆಣ್ಣೇ ಬಂದು ನಿಂತರೆ ಶೀಟಿ, ಬೈಗುಳ. ಮೊದಮೊದಲು ಬಂದ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ಹಾಡು, ಕುಣಿತವೇ ಕಸುಬಾಗಿದ್ದ ಮನೆಗಳವರು, ಬಡವರು. ಬೆಳಕಿನಲ್ಲಿ ನಿಂತಾಗ 'ತಾಯಿ ದ್ರೌಪದಿ' ಎಂದು ಕೈಮುಗಿದ ಜನವೇ ಬೆಳಗಾದ ಮೇಲೆ ಬಾಡಿಗೆ ಮನೆ ಕೊಡಲು ಹಿಂದೆಮುಂದೆ ನೋಡಿತು.

ಆದರೂ ಬಂದರು. ಹಳೇ ಮೈಸೂರು ಸೀಮೆಯಲ್ಲಿ ಹೆಣ್ಣಿನ ಪಾತ್ರಕ್ಕೆ ಹೆಣ್ಣನ್ನೇ ನಿಲ್ಲಿಸಿದವರಲ್ಲಿ ಗುಬ್ಬಿ ವೀರಣ್ಣನವರದು ಮುಖ್ಯ ಹೆಸರು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯ ಕಥೆ ನಿಮಗೆ ಅಷ್ಟಿಷ್ಟು ಗೊತ್ತಿರಬಹುದು. 'ಕುರುಕ್ಷೇತ್ರ'ದಲ್ಲಿ ಆನೆ, ಕುದುರೆಗಳನ್ನೇ ರಂಗಕ್ಕೆ ತಂದದ್ದು ಗೊತ್ತಿರಬಹುದು. ಆನೆ ಬಂದದ್ದು ನಮಗೆ ನೆನಪಿದೆ. ಅದೇ ರಂಗದ ಮೇಲೆ ಸುಂದರಮ್ಮನವರು ಬಂದದ್ದು, ಬಿ. ಜಯಮ್ಮನವರು ಬಂದದ್ದು ನೆನಪಿಲ್ಲ! ಹೇಗಿದೆ ನೋಡಿ ನಮ್ಮ ನೆನಪಿನ ನ್ಯಾಯ.

ಜಯಮ್ಮನವರು 1915ರಲ್ಲಿ ಹುಟ್ಟಿದವರು. ಗುಬ್ಬಿ ಕಂಪನಿಯ ರಂಗದಲ್ಲಿ ಬೆಳೆದು ನಾಯಕಿಯಾದರು, ಮೂಕಿ ಚಿತ್ರಗಳ ಕಾಲಕ್ಕೇ ಕ್ಯಾಮೆರಾ ಮುಂದೆ ನಿಂತರು, 1946ರ 'ಹೇಮರೆಡ್ಡಿ ಮಲ್ಲಮ್ಮ' ಚಿತ್ರದಲ್ಲಿ ಮಲ್ಲಮ್ಮನಾದರು. 1945ರಲ್ಲಿ ತೆಲುಗಿನ 'ಸ್ವರ್ಗಸೀಮ'ದಲ್ಲೂ ಮೆರೆದು, ಮತ್ತೆ ಕನ್ನಡಕ್ಕೇ ದುಡಿದರು. ಇನ್ನು 1934ರ ಮಾರ್ಚ್ 3ರಂದು ತೆರೆಗೆ ಬಂದ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ'. ಅದರ ಇಂದ್ರಜಿತು ಸುಬ್ಬಯ್ಯ ನಾಯ್ಡು, ರಾವಣ ಆರ್. ನಾಗೇಂದ್ರರಾಯರು ಎಂದು ರಸಪ್ರಶ್ನೆಯಲ್ಲಿ ಹೇಳುತ್ತೀರಿ. ಚಿತ್ರದ ಹೆಸರೇ ಸುಲೋಚನೆಯದು. ಆ ಸುಲೋಚನೆ ಯಾರು? ತ್ರಿಪುರಾಂಬ. ಮಂಡೋದರಿ ಯಾರು? ಲಕ್ಷ್ಮೀಬಾಯಿ. ಕನ್ನಡದ ಹೆಣ್ಣುದನಿ ಬೆಳ್ಳಿತೆರೆಯಿಂದ ಮೊದಲು ಕೇಳಿಸಿದ್ದು ಈ ತಾಯಂದಿರ ಬಾಯಿಂದ.

ಮೀಸೆ ಹಚ್ಚಿದ ನಾಗರತ್ನಮ್ಮ

ಈಗ ನಮ್ಮೂರಿನ ಒಬ್ಬರ ಕಥೆ. ಆರ್. ನಾಗರತ್ನಮ್ಮ. 1926ರಲ್ಲಿ ಹುಟ್ಟಿದವರು. ಬಡತನದ ಮನೆ. ಚಿಕ್ಕ ವಯಸ್ಸಿಗೇ ಮುಖಕ್ಕೆ ಬಣ್ಣ. ಗಂಡಸರು ಕಟ್ಟಿದ ಕಂಪನಿಗಳಲ್ಲಿ ಊರೂರು ಸುತ್ತಿ ಕಸುಬು ಕಲಿತರು. ಕಂಪನಿ ಬದುಕು ಎಂದರೆ ಏನು ಗೊತ್ತೇ? ಒಂದೂರಲ್ಲಿ ಥಿಯೇಟರ್ ಕಟ್ಟಬೇಕು, ಕಲೆಕ್ಷನ್ ಬಿದ್ದರೆ ಸಂಬಳ, ಮಳೆ ಹೊಯ್ದರೆ ಉಪವಾಸ. ಮೈಕ್ ಇಲ್ಲದ ದಿನಗಳಲ್ಲಿ ಕಟ್ಟಕಡೆಯ ನೆಲದ ಕ್ಲಾಸಿನವನಿಗೂ ಮಾತು ಮುಟ್ಟಬೇಕು. ಮುಟ್ಟದಿದ್ದರೆ ಅವನೇ ಕೂಗಿ ಹೇಳುತ್ತಿದ್ದ, "ಜೋರಾಗಿ ಹೇಳಮ್ಮೋ" ಎಂದು. ಆ ಕಾಲದ ನಟಿಗೆ ಶಾಲೆ, ಪರೀಕ್ಷೆ, ಪರೀಕ್ಷಕ ಎಲ್ಲವೂ ಅವನೇ.

1958ರಲ್ಲಿ ನಾಗರತ್ನಮ್ಮ ಒಂದು ಸಾಹಸ ಮಾಡಿದರು. ಇದೇ ಮೈಸೂರಿನಲ್ಲಿ 'ಸ್ತ್ರೀ ನಾಟಕ ಮಂಡಳಿ' ಕಟ್ಟಿದರು. ಎಲ್ಲ ಪಾತ್ರಗಳೂ ಹೆಂಗಸರವೇ. ಕೃಷ್ಣನೂ ಹೆಣ್ಣು, ಅರ್ಜುನನೂ ಹೆಣ್ಣು. ನಾಗರತ್ನಮ್ಮ ತಾವೇ ಮೀಸೆ ಅಂಟಿಸಿ, ಕಿರೀಟ ಇಟ್ಟು, ಗದೆ ಹೊತ್ತರು. 'ಕೃಷ್ಣಲೀಲೆ'ಯ ಕಂಸ ಅವರೇ. 'ಕೃಷ್ಣಗಾರುಡಿ'ಯ ಭೀಮ ಅವರೇ. ರಾವಣ, ದುರ್ಯೋಧನರೂ ಅವರೇ. ಯೋಚಿಸಿ ನೋಡಿ. ಐವತ್ತು ಅರವತ್ತು ವರ್ಷ ಹಿಂದೆ ಇದೇ ಊರಿನಲ್ಲಿ ಹೆಣ್ಣಿನ ಪಾತ್ರಕ್ಕೂ ಹೆಣ್ಣು ಬರಬಾರದು ಎಂದಿದ್ದರು. ಅದಕ್ಕೆ ಉತ್ತರವಾಗಿ ಈಕೆ ಗಂಡಿನ ಪಾತ್ರವನ್ನೇ ಕಿತ್ತುಕೊಂಡರು. ಅದೂ ಸೀತೆಗೆ ಬದಲು ರಾಮನ ಪಾತ್ರ ಅಲ್ಲ. ಎದೆ ಸೆಟೆಸಿ ಅಬ್ಬರಿಸಬೇಕಾದ ಕಂಸ, ರಾವಣರನ್ನು.

ನಮ್ಮಜ್ಜಿ ಹೇಳುತ್ತಿದ್ದರು, ಕಂಸ ಬಂದಾಗ ಮಕ್ಕಳು ಸೆರಗು ಹಿಡಿದುಕೊಳ್ಳುತ್ತಿದ್ದವು, ಅದು ಹೆಂಗಸು ಎಂದು ಹೇಳಿದರೂ ನಂಬುತ್ತಿರಲಿಲ್ಲ ಎಂದು. ಹೆಂಗಸರಿಗಂತೂ ಆ ನಾಟಕ ಒಂದು ಧೈರ್ಯ. ಗಂಡಸರೇ ತುಂಬಿದ ಕಂಪನಿ ನಾಟಕಕ್ಕೆ ಹೆಣ್ಣುಮಕ್ಕಳನ್ನು ಕಳಿಸಲು ಒಪ್ಪದ ಮನೆಗಳೂ 'ಹೆಂಗಸರ ನಾಟಕ ತಾನೇ, ಹೋಗಿಬನ್ನಿ' ಎನ್ನುತ್ತಿದ್ದುವಂತೆ.

ಈ ತಾಯಿಗೆ 1992ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಬಂತು. ಪದ್ಮಶ್ರೀ ಬಂದದ್ದು 2012ರಲ್ಲಿ. ಅದೇ ವರ್ಷ ಅಕ್ಟೋಬರ್ 6ರಂದು ತೀರಿಕೊಂಡರು. ಮಂಡಳಿ ಕಟ್ಟಿದ್ದಕ್ಕೂ ಪದ್ಮಶ್ರೀಗೂ ನಡುವೆ 54 ವರ್ಷ. "ಪ್ರಶಸ್ತಿ ಬಂತಲ್ಲ ಸಾರ್, ಇನ್ನೇನು ಬೇಕು?" ಎಂದು ಒಬ್ಬ ಹುಡುಗ ನನ್ನನ್ನು ಕೇಳಿದ. ತಮ್ಮಾ, ಪ್ರಶಸ್ತಿ ಬಂದದ್ದು ದಿಲ್ಲಿಯಿಂದ. ನಮ್ಮ ಬೀದಿಯಿಂದ ಏನು ಬಂತು, ಅದನ್ನು ಹೇಳು.

ಭಾಷೆಗೆ ಆಕೆ ಕೊಟ್ಟದ್ದೇನು?

ಭಾಷೆ ಉಳಿಯುವುದು ಕಾನೂನಿನಿಂದ ಮಾತ್ರವೇ? ಕಾನೂನು ಬೇಕು, ಬೋರ್ಡು ಕನ್ನಡದಲ್ಲಿರಬೇಕು, ನೌಕರಿ ಕನ್ನಡಿಗನಿಗೆ ಸಿಗಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಕಾನೂನು ಇಲ್ಲದ ಕಾಲದಲ್ಲಿ, ಅಕ್ಷರ ಗೊತ್ತಿಲ್ಲದ ಜನರ ನಡುವೆ ಕನ್ನಡವನ್ನು ಕಿವಿಗೆ ಹಾಕಿದವರು ಯಾರು? ಕಂಪನಿ ನಾಟಕದವರು. ಓದು ಬಾರದ ಗಾಡಿ ಹೊಡೆಯುವವನು ದುರ್ಯೋಧನನ ಮಾತನ್ನು ಒಂದಕ್ಷರ ತಪ್ಪದೆ ಹೇಳುತ್ತಿದ್ದ. ಮನೆಯಲ್ಲಿ ಉರ್ದು, ತೆಲುಗು, ತಮಿಳು ಆಡುವವರೂ ನಾಲ್ಕಾಣೆ ಟಿಕೆಟ್ ಕೊಟ್ಟು ಬಂದು ಕನ್ನಡ ಕಲಿತು ಹೋಗುತ್ತಿದ್ದರು. ಯಾರೂ ಬಲವಂತ ಮಾಡಲಿಲ್ಲ. ಕೇಳಲು ಚೆಂದ ಇತ್ತು, ಕಲಿತರು.

ಡಾ. ರಾಜ್ ಮಾತಾಡಿದರೆ ಕನ್ನಡ ಮುತ್ತು ಉದುರಿದಂತೆ ಎನ್ನುತ್ತೇವೆ. 1982ರ ಗೋಕಾಕ್ ಚಳವಳಿಯಲ್ಲಿ ಅವರ ಒಂದು ಕರೆಗೆ ನಾಡು ಎದ್ದು ನಿಂತಿತು. ಆ ಕನ್ನಡ ಅವರಿಗೆ ಎಲ್ಲಿಂದ ಬಂತು? ಶಾಲೆಯಿಂದಲ್ಲ, ಗುಬ್ಬಿ ಕಂಪನಿಯಿಂದ. ಆ ರಂಗದಲ್ಲಿ ನಾಯಕ ಒಂದು ಮಾತು ಎಸೆದರೆ ನಾಯಕಿ ಅದಕ್ಕೆ ಸಮನಾಗಿ ಮರಳಿ ಎಸೆಯಬೇಕಿತ್ತು. ಅಲ್ಪಪ್ರಾಣ, ಮಹಾಪ್ರಾಣ ತಪ್ಪಿದರೆ ಮೇಷ್ಟ್ರು ಬಿಡುತ್ತಿರಲಿಲ್ಲ. ಎಂದರೆ ಆ ಮುತ್ತಿನ ಅರ್ಧ ಪಾಲು ಎದುರಿಗೆ ನಿಂತ ನಟಿಯದೂ ಹೌದು.

ಇನ್ನೂ ಒಂದು ವಿಷಯ ಕೇಳಿದರೆ ನಿಮ್ಮ ರೋಮ ನಿಲ್ಲಬೇಕು. ಬಿಜಾಪುರ ಸೀಮೆಯ ಬೀಳಗಿಯ ಇಬ್ಬರು ಅಕ್ಕತಂಗಿಯರು, ಅಮೀರ್‌ಬಾಯಿ ಮತ್ತು ಗೋಹರ್‌ಬಾಯಿ. ಮುಸ್ಲಿಂ ಮನೆಯ ಹೆಣ್ಣುಮಕ್ಕಳು. ರಂಗದ ಮೇಲೆ ಹಾಡುತ್ತಾ ಬೆಳೆದು ಮುಂಬಯಿಗೆ ಹೋದರು. ಗೋಹರ್‌ಬಾಯಿ ಮರಾಠಿ ರಂಗದ ದೊರೆ ಬಾಲಗಂಧರ್ವರ ಎದುರು ನಾಯಕಿಯಾದರು. ಅಮೀರ್‌ಬಾಯಿ 1943ರ ಹಿಂದಿ ಚಿತ್ರ 'ಕಿಸ್ಮತ್'ನ ಹಾಡುಗಳಿಂದ ದೇಶಕ್ಕೆಲ್ಲ ಹೆಸರಾದರು. ಆಗ ಕರ್ನಾಟಕ ಎಂಬ ರಾಜ್ಯವೇ ಇಲ್ಲ. ಏಕೀಕರಣವಾದದ್ದು 1956, ನಾಡಿಗೆ ಆ ಹೆಸರು ಬಂದದ್ದು 1973. ಬಿಜಾಪುರ ಆಗ ಮುಂಬಯಿ ಪ್ರಾಂತ್ಯದ ಜಿಲ್ಲೆ. ಅಂಥ ಕಾಲದಲ್ಲಿ ಆ ಅಕ್ಕತಂಗಿಯರು ತಮ್ಮ ಹೆಸರಿನ ಮುಂದೆ ಹಾಕಿಕೊಂಡದ್ದೇನು? 'ಕರ್ನಾಟಕಿ'! ಸರ್ಕಾರ ನಾಡಿಗೆ ಹೆಸರಿಡುವ ದಶಕಗಳ ಮೊದಲೇ ಇಬ್ಬರು ನಟಿಯರು ಆ ಹೆಸರನ್ನು ಗ್ರಾಮಾಫೋನ್ ತಟ್ಟೆಗಳ ಮೇಲೆ ಹೊತ್ತು ತಿರುಗಿದರು. ಯಾವ ಸಂಘ ಅವರಿಗೆ ಹೇಳಿತ್ತು? ಯಾವ ರಾಜ್ಯೋತ್ಸವದ ಶಾಲು ಅವರಿಗೆ ಸಿಕ್ಕಿತ್ತು?

ಈಗ ನಮ್ಮ ಲೆಕ್ಕ

ನವೆಂಬರ್ ಬಂದರೆ ನನ್ನ ಪ್ರೆಸ್ಸಿನಲ್ಲಿ ಹಗಲುರಾತ್ರಿ ಕೆಲಸ. ನಿಮ್ಮ ಬ್ಯಾನರುಗಳೇ. ಸತ್ಯ ಹೇಳುತ್ತೇನೆ, ಕೋಪ ಬೇಡ. ಬರೆದು ತರುವ ಹತ್ತು ಚೀಟಿಗಳಲ್ಲಿ ನಾಲ್ಕರಲ್ಲಿ ಕಾಗುಣಿತ ತಪ್ಪು. 'ಹಾರ್ದಿಕ' ಎಂಬುದು 'ಆರ್ದಿಕ' ಆಗಿರುತ್ತದೆ. ನಾನು ತಿದ್ದುತ್ತೇನೆ, ನೀವು ಗಮನಿಸುವುದಿಲ್ಲ. ನಾಲ್ಕನೇ ಕ್ಲಾಸೂ ಓದದ ಕಂಪನಿ ನಟಿ ತಪ್ಪದೇ ಹೇಳುತ್ತಿದ್ದ ಅಕ್ಷರವನ್ನು ಡಿಗ್ರಿ ಓದಿದ ನಾವು ತಪ್ಪಾಗಿ ಬರೆದು, ಅದರ ಕೆಳಗೆ 'ಕನ್ನಡವೇ ಉಸಿರು' ಎಂದು ಹಾಕಿಸುತ್ತೇವೆ.

ಬ್ಯಾನರಿನಲ್ಲಿ ಯಾರ ಫೋಟೋ? ಭುವನೇಶ್ವರಿ ತಾಯಿಯದು. ಆಮೇಲೆ ಹದಿನೈದು ಗಂಡಸರದು. ಕನ್ನಡವನ್ನು 'ತಾಯಿ' ಎನ್ನುತ್ತೇವೆ. ಆ ತಾಯಿಯ ದನಿಯಾಗಿ ನಿಂತ ಒಬ್ಬ ಹೆಣ್ಣಿಗೂ ಅಲ್ಲಿ ಜಾಗವಿಲ್ಲ.

'ಕಂಪನಿ ನಾಟಕ ಎಂದರೆ ಅಶ್ಲೀಲ, ದ್ವಂದ್ವಾರ್ಥ, ಅದನ್ನೇನು ಉಳಿಸುವುದು' ಎಂದು ಕೆಲವರು ಮೂಗು ಮುರಿಯುತ್ತಾರೆ. ಒಪ್ಪುತ್ತೇನೆ, ಸಿನಿಮಾ, ಟೀವಿ ಹೊಡೆತಕ್ಕೆ ಸಿಕ್ಕ ಕಂಪನಿಗಳು ಕಲೆಕ್ಷನ್ನಿಗಾಗಿ ಅಂಥ ಮಾತನ್ನೂ ಆಡಿಸಿದವು. ಆದರೆ ಆ ಮಾತು ಬರೆದದ್ದು ಆಕೆಯಲ್ಲ. ಶೀಟಿ ಹೊಡೆದದ್ದೂ ಆಕೆಯಲ್ಲ. ಕೆಟ್ಟ ಹೆಸರು ಮಾತ್ರ ಆಕೆಗೆ.

ನನ್ನ ಇನ್ನೊಂದು ತಪ್ಪನ್ನೂ ಹೇಳಬೇಕು. ಅಪ್ಪ ಹೋದ ಮೇಲೆ ಟ್ರೆಡಲ್ ತೆಗೆದು ಆಫ್‌ಸೆಟ್ ಹಾಕಿಸಿದಾಗ ಹಳೇ ಮೊಳೆಗಳನ್ನು, ನಾಟಕದ ಬ್ಲಾಕುಗಳನ್ನು ಗುಜರಿಗೆ ತೂಕಕ್ಕೆ ಹಾಕಿದೆ. ಒಂದು ಗೋಣಿಚೀಲ ತುಂಬ ಇದ್ದವು. ಕಿರೀಟ ಇಟ್ಟ ಮುಖಗಳು, ಜಡೆ ಹಾಕಿದ ಮುಖಗಳು, ಎಲ್ಲ ಸೀಸವಾಗಿ, ಸತುವಾಗಿ ಕರಗಿಹೋದವು. ಆಗ ನನಗೆ ಬಂದ ದುಡ್ಡು ಎರಡು ರೀಮ್ ಕಾಗದಕ್ಕೂ ಸಾಲಲಿಲ್ಲ. ಈಗ ಉಳಿದಿರುವುದು ಅಪ್ಪನ ಫೈಲಿನಲ್ಲಿ ಅಂಟಿಕೊಂಡಿದ್ದ ಗುಲಾಬಿ ಬಣ್ಣದ ಒಂದೇ ಒಂದು ಹ್ಯಾಂಡ್‌ಬಿಲ್. ಅದರಲ್ಲಿ ದಪ್ಪ ಅಕ್ಷರದಲ್ಲಿದೆ, 'ಸ್ತ್ರೀ ಪಾತ್ರಗಳಲ್ಲಿ ಸ್ತ್ರೀಯರೇ ಅಭಿನಯಿಸುವರು' ಎಂದು. ಯಾವ ಸ್ತ್ರೀಯರು? ಹೆಸರಿಲ್ಲ. ಅಪ್ಪನ ಕಾಲದಲ್ಲೂ ಜಾಗ ಸಾಲಲಿಲ್ಲವೆಂದು ಕಾಣುತ್ತದೆ.

ಮೈಸೂರಿಗೆ ಜಗನ್ಮೋಹನ ಅರಮನೆಯ ರಂಗವಿದೆ, ಪುರಭವನವಿದೆ, ಕಲಾಮಂದಿರವಿದೆ, 1989ರಲ್ಲಿ ಬಿ.ವಿ. ಕಾರಂತರು ಕಟ್ಟಿದ ರಂಗಾಯಣವಿದೆ. ಸರ್ಕಾರ ಮಾಡಬೇಕಾದ್ದನ್ನು ಕೇಳೋಣ, ಬಿಡುವುದು ಬೇಡ. ಆದರೆ ಅದಕ್ಕೆ ಕಾಯದೆ ನಾವೇ ಮಾಡಬಹುದಾದ ಮೂರು ಕೆಲಸ ಹೇಳುತ್ತೇನೆ.

ಒಂದು, ನಿಮ್ಮ ಬಡಾವಣೆಯಲ್ಲಿ, ನಿಮ್ಮ ಅಜ್ಜಿಯ ಊರಿನಲ್ಲಿ ಹಳೇ ನಟಿಯರು ಇನ್ನೂ ಇದ್ದಾರೆ. ನಿಮ್ಮೆಲ್ಲರ ಕೈಯಲ್ಲಿ ಮೊಬೈಲ್ ಇದೆ. ಹೋಗಿ ಕೂರಿ, ಅವರು ಕಲಿತ ಮಾತು, ಹಾಡು, ಸುತ್ತಿದ ಊರುಗಳ ಹೆಸರು ರೆಕಾರ್ಡ್ ಮಾಡಿಕೊಳ್ಳಿ. ಮನೆಯ ಟ್ರಂಕಿನಲ್ಲಿ ಹ್ಯಾಂಡ್‌ಬಿಲ್ ಇದ್ದರೆ ಫೋಟೋ ತೆಗೆದಿಡಿ. ಗುಜರಿಗೆ ಹಾಕಬೇಡಿ, ನನ್ನ ಹಾಗೆ.

ಎರಡು, ರಾಜ್ಯೋತ್ಸವಕ್ಕೆ ಆರ್ಕೆಸ್ಟ್ರಾ ಕರೆಸುವ ದುಡ್ಡಿನಲ್ಲಿ ಒಂದು ವರ್ಷ ಒಂದು ನಾಟಕ ಆಡಿಸಿ. ಸನ್ಮಾನ ಮಾಡುವುದಾದರೆ ನಟಿಗೂ ಮಾಡಿ. ಶಾಲು, ಹಾರದ ಜೊತೆಗೆ ಸಂಭಾವನೆಯನ್ನು ಅವತ್ತೇ ಕೈಗೆ ಕೊಡಿ.

ಮೂರು, ಹೆಸರು ಹಾಕಿ. ಪೋಸ್ಟರಿನಲ್ಲಿ, ಬ್ಯಾನರಿನಲ್ಲಿ, ಕರಪತ್ರದಲ್ಲಿ, ಪಾತ್ರ ಮಾಡಿದ ಹೆಣ್ಣುಮಗಳ ಹೆಸರು ಹಾಕಿ, ಕಾಗುಣಿತ ತಪ್ಪಿಲ್ಲದೆ ಹಾಕಿ.

ನನ್ನ ಪ್ರೆಸ್ಸಿನಲ್ಲಿ ಈಗ ಒಂದು ನಿಯಮ. ನಾಟಕದ ಪೋಸ್ಟರ್ ಯಾರೇ ತರಲಿ, ನಟಿಯರ ಹೆಸರು ಕೊಡದಿದ್ದರೆ ಕೆಲಸ ಹಿಡಿಯುವುದಿಲ್ಲ. ಅವರ ಫೋಟೋ ಹಾಕಿದರೆ ಅದಕ್ಕೆ ಚಾರ್ಜ್ ಇಲ್ಲ. ಇಬ್ಬರು ಗಿರಾಕಿಗಳು ಮುನಿಸಿಕೊಂಡು ಬೇರೆ ಪ್ರೆಸ್ಸಿಗೆ ಹೋದರು. ಹೋಗಲಿ.

ಆ ತಾಯಿಯ ಊರು ಹುಡುಕಿಕೊಂಡು ಹೋಗಿ ಹೊಸದಾಗಿ ಅಚ್ಚು ಹಾಕಿದ ನೂರು ಚೀಟಿ ಕೊಟ್ಟುಬಂದೆ. ಹೆಸರು, ಮಾಡುವ ಪಾತ್ರಗಳು, ಒಂದು ಫೋಟೋ. ದುಡ್ಡು ಕೊಡಲು ಬಂದರು, ತೆಗೆದುಕೊಳ್ಳಲಿಲ್ಲ. ಅವರು ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದು ನಿಧಾನವಾಗಿ ಓದಿಕೊಂಡರು. ಆಮೇಲೆ ಒಂದೇ ಮಾತು ಹೇಳಿದರು: "ದ್ರೌಪದಿಯ 'ದ್ರೌ' ಸರಿಯಾಗಿ ಹಾಕಿದೀಯಪ್ಪ. ಎಷ್ಟೋ ಜನ ತಪ್ಪು ಹಾಕ್ತಾರೆ."